ಠೇವಣಿ ಎಲ್ಲಿತ್ತು?

ಸರ್ಕಾರ ಮೈಮೇಲೆ ಬಿದ್ದಿದ್ದಕ್ಕೇ ಪೋಕರ್ ಸೈಟುಗಳು ಮುಳುಗಿದವು ಅನ್ನೋ ವಾದ ನಂಗೆ ಒಪ್ಪಿಗೆಯಿಲ್ಲ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್ ಎರಡರ ಡೊಮೇನನ್ನೂ ಕಿತ್ಕೊಂಡಿತು. ಆಟಗಾರರ ದುಡ್ಡನ್ನ ಬೇರೆ ಖಾತೆಯಲ್ಲಿಟ್ಟಿದ್ದ ಪೋಕರ್‌ಸ್ಟಾರ್ಸ್ ಕೆಲವೇ ವಾರಗಳಲ್ಲಿ ವಾಪಸ್ ಕೊಡೋಕೆ ಶುರುಮಾಡ್ತು. ಫುಲ್ ಟಿಲ್ಟ್ ಕೈಯೆತ್ತಿತು: ಸರ್ಕಾರದ ಲೆಕ್ಕದಲ್ಲಿ, ಕೊಡಬೇಕಿದ್ದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಲ್ಲಿದ್ದದ್ದು 6 ಕೋಟಿ. ಗಂಟು ಮೊದಲೇ ಕರಗಿತ್ತು. ದಾಳಿ ಅದನ್ನ ಬಿಚ್ಚಿ ತೋರಿಸಿತಷ್ಟೆ.

ಹಾಗಂತ ಕಾವಲುಗಾರರಿಗೂ ಶಹಬ್ಬಾಸ್ ಅನ್ನಲಾರೆ. ಫುಲ್ ಟಿಲ್ಟ್‌ಗೆ ಲೈಸೆನ್ಸ್ ಕೊಟ್ಟಿದ್ದ ಆಲ್ಡರ್ನಿ ದ್ವೀಪ ಅದನ್ನ ಅಮಾನತು ಮಾಡಿದ್ದು ದಾಳಿಯಾಗಿ ಎರಡು ತಿಂಗಳ ಮೇಲೆ. ಅಮೆರಿಕದ ಆಟಗಾರರಿಗೆ ದುಡ್ಡು ಬರೋಕೆ ಶುರುವಾದದ್ದು 2014ರಲ್ಲಿ. ಸೈಟನ್ನ ನಂಬಬಹುದಾ ಅನ್ನೋರು ಲೈಸೆನ್ಸಿಗಿಂತ ಮೊದಲು ಕೇಳಬೇಕಾದ್ದು ಇಷ್ಟೇ: ನನ್ನ ದುಡ್ಡು ಯಾವ ಖಾತೆಯಲ್ಲಿದೆ?