ಮಧುಮೇಹಪ್ರಕರಣದಲ್ಲಿ ‘ಬೀಜದೋಷ’ ಶಬ್ದದ ಅರ್ಥವಿಚಾರ

೧

ಆಯುರ್ವೇದಸಂಹಿತೆಗಳ ಈಚಿನ ಅನುವಾದಗಳಲ್ಲಿಯೂ ಅವುಗಳನ್ನು ಆಶ್ರಯಿಸಿ ಬರೆದ ಪ್ರಬಂಧಗಳಲ್ಲಿಯೂ ಎರಡು ಮಾತುಗಳು ವಿಚಾರವಿಲ್ಲದೆಯೇ ಸಿದ್ಧಾಂತದ ಪದವಿಗೆ ಏರಿವೆ. ಸುಶ್ರುತಸಂಹಿತೆಯಲ್ಲಿ ‘ಸಹಜ’ವೆಂದು ಹೇಳಿದ ಪ್ರಮೇಹವೇ ಇಂದಿನ ವೈದ್ಯರು ಹೇಳುವ ಒಂದನೆಯ ಬಗೆಯ ಮಧುಮೇಹ, ‘ಅಪಥ್ಯನಿಮಿತ್ತ’ವೆಂದು ಹೇಳಿದುದೇ ಎರಡನೆಯ ಬಗೆಯದು ಎಂಬುದು ಮೊದಲನೆಯ ಮಾತು. ಚರಕಸಂಹಿತೆಯ ‘ಬೀಜ’, ‘ಬೀಜಭಾಗ’, ‘ಬೀಜಭಾಗಾವಯವ’ ಎಂಬ ಮೂರು ಶಬ್ದಗಳಿಗೆ ಕ್ರಮವಾಗಿ ಲಿಂಗಾಣು, ವರ್ಣತಂತು, ವಂಶವಾಹಿ ಎಂಬುವೇ ಅರ್ಥಗಳು ಎಂಬುದು ಎರಡನೆಯದು. ಈ ಎರಡನ್ನೂ ಒಪ್ಪಿದಲ್ಲಿ, ಮಧುಮೇಹವು ಬೀಜದೋಷದಿಂದ ಬರುವುದೆಂದ ಆಚಾರ್ಯರು ವಂಶವಾಹಿಯನ್ನೇ ಕಂಡಿದ್ದರೆಂದು ಹೇಳಬೇಕಾಗುತ್ತದೆ. ಹಲವರು ಹೇಳಿಯೂ ಇದ್ದಾರೆ. ಪ್ರಾಚೀನಗ್ರಂಥಗಳಲ್ಲಿ ಗೌರವವುಳ್ಳವರಿಗೆ ಇದು ಹಿತವಾದ ಮಾತು. ಆದರೆ ಹಿತವಾದುದೆಲ್ಲವೂ ಯಥಾರ್ಥವಾಗಿರಬೇಕೆಂಬ ನಿಯಮವಿಲ್ಲ. ಶಬ್ದಾರ್ಥವು ನಿರ್ಣಯವಾಗಬೇಕಾದುದು ಗ್ರಂಥದ ಪೂರ್ವಾಪರದಿಂದ. ಆ ದೃಷ್ಟಿಯಿಂದ ನೋಡಿದರೆ ಈ ಎರಡು ಮಾತುಗಳೂ ನಿಲ್ಲುವುದಿಲ್ಲ. ಮಾತ್ರವಲ್ಲ, ಗ್ರಂಥದಲ್ಲಿ ಇರುವ ವಿವೇಕವನ್ನೂ ಮರೆಮಾಡುತ್ತವೆ.

೨

ಮೂಲದಲ್ಲಿ ಏನಿದೆಯೆಂಬುದನ್ನು ಮೊದಲು ನೋಡತಕ್ಕದ್ದು. ‘ಮಿಹ’ ಧಾತುವಿನಿಂದ ಹುಟ್ಟಿದ ಪ್ರಮೇಹಶಬ್ದವು ಮೂತ್ರವು ಅತಿಯಾಗಿ ಸ್ರವಿಸುವ ರೋಗಗಳ ಸಮೂಹಕ್ಕೆಲ್ಲ ಹೆಸರು. ಕಫದಿಂದ ೧೦, ಪಿತ್ತದಿಂದ ೬, ವಾತದಿಂದ ೪, ಹೀಗೆ ಅದು ೨೦ ಬಗೆ. ಚರಕದಲ್ಲಿ ಮಧುಮೇಹವು ವಾತಜಗಳಲ್ಲಿ ಒಂದು. ಇರುವೆಗಳು ರೋಗಿಯ ಮೂತ್ರವನ್ನು ಅರಸಿ ಬರುವುದನ್ನು ಅಲ್ಲಿಯ ನಿದಾನಸ್ಥಾನದಲ್ಲಿ ಪ್ರಮೇಹದ ಪೂರ್ವರೂಪಗಳೊಡನೆ ಎಣಿಸಿದೆ.

ಕಾರಣಗಳ ವಿಷಯದಲ್ಲಿ ಸಂಹಿತೆಗಳು ನಾಲ್ಕು ದಾರಿಗಳನ್ನು ತೋರಿಸುತ್ತವೆ. ಮೊದಲನೆಯದು ತಾಯಿತಂದೆಗಳ ಬೀಜದೋಷ: ಸುಶ್ರುತದ ಚಿಕಿತ್ಸಾಸ್ಥಾನದ ೧೧ನೆಯ ಅಧ್ಯಾಯದಲ್ಲಿ ಸಹಜಪ್ರಮೇಹಕ್ಕೆ ಇದೇ ಕಾರಣ, ಚರಕದ ಚಿಕಿತ್ಸಾಸ್ಥಾನದ ೬ನೆಯ ಅಧ್ಯಾಯವು ಇಂತಹ ರೋಗಿಯನ್ನು ಅಸಾಧ್ಯನೆಂದು ಹೇಳಿ, ಕುಲದಲ್ಲಿ ಬರುವ ಇತರ ವಿಕಾರಗಳನ್ನೂ ಅದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಎರಡನೆಯದು ಗರ್ಭಿಣಿಯ ಆಹಾರ: ನಿತ್ಯವೂ ಮಧುರರಸವನ್ನೇ ಸೇವಿಸುವವಳಿಗೆ ಪ್ರಮೇಹಿಯಾದ, ಮೂಕವಾದ ಅಥವಾ ಅತಿಸ್ಥೂಲವಾದ ಶಿಶು ಹುಟ್ಟೀತೆಂದು ಚರಕದ ಶಾರೀರಸ್ಥಾನದ ೮ನೆಯ ಅಧ್ಯಾಯದಲ್ಲಿ ಎಚ್ಚರಿಕೆಯಿದೆ. ಮೂರನೆಯದು ರೋಗಿಯ ಸ್ವಂತ ಅಪಥ್ಯ. ನಾಲ್ಕನೆಯದು ಉಪೇಕ್ಷೆ: ಚಿಕಿತ್ಸೆಯಿಲ್ಲದೆ ಕಾಲ ಕಳೆದರೆ ಉಳಿದ ಪ್ರಮೇಹಗಳೆಲ್ಲ ಮಧುಮೇಹವಾಗಿ ಪರಿಣಮಿಸುವುವೆಂದು ಸುಶ್ರುತದ ನಿದಾನಸ್ಥಾನವು ಹೇಳುತ್ತದೆ. ಈ ನಾಲ್ಕನ್ನೂ ಬೇರೆಬೇರೆಯಾಗಿ ಇಟ್ಟಿರುವುದೇ ಈ ಪ್ರಕರಣದ ಗುಣವೆಂಬುದು ಮುಂದೆ ಸ್ಪಷ್ಟವಾಗುವುದು.

೩

ಸಹಜಪ್ರಮೇಹಿಯು ಕೃಶ, ರೂಕ್ಷ, ಅಲ್ಪಾಹಾರಿ, ಬಾಯಾರಿಕೆಯಿಂದ ಬಳಲುವವನು, ನಿಂತಲ್ಲಿ ನಿಲ್ಲದೆ ಅಲೆಯುವವನು. ಅಪಥ್ಯದಿಂದಾದವನು ಸ್ಥೂಲ, ಬಹುಭೋಜಿ, ಹಾಸಿಗೆ ನಿದ್ರೆಗಳಲ್ಲಿ ಆಸಕ್ತ. ಸುಶ್ರುತದ ಈ ಜೋಡಿಚಿತ್ರವನ್ನು ಓದಿದವರಿಗೆ ಇಂದಿನ ಎರಡು ಬಗೆಗಳು ನೆನಪಿಗೆ ಬರುವುದು ಸ್ವಾಭಾವಿಕ. ಯುರೋಪಿನಲ್ಲಿ ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುವ ರೋಗಿಗಳು, ಓಗೊಡದ ರೋಗಿಗಳು ಎಂಬ ಭೇದವನ್ನು ಲಂಡನ್ನಿನ ಹಿಮ್ಸ್‌ವರ್ತ್ ಪ್ರಯೋಗದಿಂದ ತೋರಿಸಿದುದು ೧೯೩೬ರಲ್ಲಿ. ಇಬ್ಬರು ಬೇರೆ ಬೇರೆ ರೋಗಿಗಳನ್ನು ಕಣ್ಣಿನಿಂದಲೇ ಗುರುತಿಸಿದ ಸುಶ್ರುತದ ನೋಟಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಯಾರೂ ತಡೆಹಿಡಿಯಬೇಕಾಗಿಲ್ಲ.

ಆದರೆ ಸಾದೃಶ್ಯವು ರೂಪದಲ್ಲಿದೆ, ಕಾರಣದಲ್ಲಿಲ್ಲ. ಒಂದನೆಯ ಬಗೆಯ ಮಧುಮೇಹದಲ್ಲಿ ಮೇದೋಜೀರಕಗ್ರಂಥಿಯ ಬೀಟಾ ಕೋಶಗಳನ್ನು ಶರೀರದ ರಕ್ಷಣಾಕೋಶಗಳೇ ಶತ್ರುವೆಂದು ಭ್ರಮಿಸಿ ನಾಶಮಾಡುತ್ತವೆ. ಈ ಕೋಶಗಳಿರುವ ಪುಟ್ಟ ದ್ವೀಪಗಳನ್ನು ೧೮೬೯ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಲಾಂಗರ್‌ಹಾನ್ಸ್ ಕಂಡಿದ್ದನು. ಅವನ್ನು ಹೊತ್ತ ಗ್ರಂಥಿಯನ್ನು ತೆಗೆದರೆ ನಾಯಿಗೆ ಮಧುಮೇಹವಾಗುವುದನ್ನು ೧೮೮೯ರಲ್ಲಿ ಫಾನ್ ಮೇರಿಂಗ್, ಮಿಂಕೋವ್‌ಸ್ಕಿ ಇಬ್ಬರೂ ಕಂಡರು. ಅಲ್ಲಿಂದ ಹೊರಡುವ ಇನ್ಸುಲಿನ್ನನ್ನು ೧೯೨೧–೨೨ರಲ್ಲಿ ಟೊರಾಂಟೋ ನಗರದ ಬ್ಯಾಂಟಿಂಗ್ ಮೊದಲಾದವರು ಬೇರ್ಪಡಿಸಿ ರೋಗಿಗೆ ಕೊಟ್ಟರು. ಕೋಶಗಳ ಈ ನಾಶಕ್ಕೆ ಆರನೆಯ ವರ್ಣತಂತುವಿನ ಕೆಲವು ವಂಶವಾಹಿಗಳು ಅನುಕೂಲಮಾಡಿಕೊಡುವುದು ನಿಜ. ಆದರೂ ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬನಿಗೆ ಈ ರೋಗವು ಬಂದರೆ ಇನ್ನೊಬ್ಬನಿಗೆ ಬಂದೇ ಬರುವುದೆಂಬ ನಿಯಮವಿಲ್ಲ. ಈ ರೋಗವುಳ್ಳ ಬಹುಪಾಲು ಜನರ ತಾಯಿತಂದೆ ಒಡಹುಟ್ಟಿದವರಲ್ಲಿ ಅದು ಇರುವುದೂ ಇಲ್ಲ. ಕುಲದಲ್ಲಿ ಹೆಚ್ಚು ದೃಢವಾಗಿ ಇಳಿದುಬರುವುದು, ಸ್ಥೂಲನ ರೋಗವೆಂದು ಹೆಸರಾದ ಎರಡನೆಯ ಬಗೆಯೇ. ಅದಕ್ಕೆ ಸಂಬಂಧಪಟ್ಟ ವಂಶವಾಹಿಸ್ಥಾನಗಳು ಇಂದು ನೂರಾರು ಗೊತ್ತಾಗಿವೆ. ಒಂದೊಂದರ ಬಲವೂ ಸ್ವಲ್ಪ. ಹಾಗಾದರೆ ‘ಕುಲಜ’ವೆಂಬ ಲಕ್ಷಣವನ್ನು ಹಿಡಿದು ಹೊರಟವನು ಅಪಥ್ಯನಿಮಿತ್ತದ ಮನೆಯನ್ನು ಸೇರುವನು! ಕೃಶತ್ವವನ್ನು ಹಿಡಿದು ಹೊರಟರೂ ದಾರಿ ನೇರವಾಗಿಲ್ಲ. ಬಾಲ್ಯದಿಂದ ಅನ್ನದ ಕೊರತೆಯಿಂದ ಬೆಳೆದ ಕೃಶರಲ್ಲಿ ಬರುವ ಮಧುಮೇಹವನ್ನು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ೨೦೨೫ರಲ್ಲಿ ಐದನೆಯ ಬಗೆಯೆಂದು ಅಂಗೀಕರಿಸಿತು. ಅಲ್ಲಿ ಕೃಶತ್ವವುಂಟು, ಅದನ್ನು ತಂದುದು ಹಸಿವು.

೪

ಇನ್ನು ಬೀಜಶಬ್ದದ ವಿಚಾರ. ಶಾರೀರಸ್ಥಾನದ ೩ನೆಯ ಅಧ್ಯಾಯದಲ್ಲಿ ಒಂದು ಸೊಗಸಾದ ಪೂರ್ವಪಕ್ಷವುಂಟು: ಮನುಷ್ಯನು ತಾಯಿತಂದೆಗಳಿಂದ ಹುಟ್ಟಿದವನಾದರೆ ಕುರುಡನ ಮಗನು ಕುರುಡನೂ ಮೂಕನ ಮಗನು ಮೂಕನೂ ಏಕಾಗುವುದಿಲ್ಲ? ಯಾವ ಅಂಗಕ್ಕೆ ಸಂಬಂಧಿಸಿದ ಬೀಜಭಾಗವು ಕೆಡುವುದೋ ಆ ಅಂಗವು ವಿಕೃತವಾಗುವುದು, ಕೆಡದಿದ್ದರೆ ಆಗುವುದಿಲ್ಲ ಎಂಬುದು ಉತ್ತರ. ತಂದೆಯ ಶರೀರದ ಊನವು ಬೇರೆ, ಅವನ ಬೀಜದ ಊನವು ಬೇರೆ ಎಂಬ ಈ ವಿಂಗಡಣೆಯು ತರ್ಕದ ದೃಷ್ಟಿಯಿಂದ ಬಹಳ ದೊಡ್ಡದು. ಆದರೆ ಇಲ್ಲಿ ಬೀಜಭಾಗವು ಅನುಮಾನದಿಂದ ಸಿದ್ಧವಾದ ಪದಾರ್ಥ. ಕಾರ್ಯದಲ್ಲಿ ಭೇದವು ಕಂಡುದರಿಂದ ಕಾರಣದಲ್ಲಿಯೂ ಭಾಗಗಳನ್ನು ಒಪ್ಪಿದ್ದಾರೆ. ಆ ಭಾಗದ ದ್ರವ್ಯವೇನು, ಸಂಖ್ಯೆಯೆಷ್ಟು, ಕೆಲಸಮಾಡುವ ಬಗೆ ಹೇಗೆ ಎಂಬ ಪ್ರಶ್ನೆಗಳು ಅಲ್ಲಿಲ್ಲ.

ಬೀಜದೋಷವು ವಂಶವಾಹಿದೋಷವಲ್ಲವೆಂಬುದಕ್ಕೆ ಗ್ರಂಥದಲ್ಲಿಯೇ ಬಲವಾದ ಸಾಕ್ಷಿಯುಂಟು. ಸುಶ್ರುತದ ಸೂತ್ರಸ್ಥಾನದ ೨೪ನೆಯ ಅಧ್ಯಾಯದಲ್ಲಿ ಶುಕ್ರಶೋಣಿತದೋಷದಿಂದ ಬರುವ ‘ಆದಿಬಲಪ್ರವೃತ್ತ’ ವ್ಯಾಧಿಗಳಿಗೆ ಮೊದಲ ಉದಾಹರಣೆಗಳು ಕುಷ್ಠವೂ ಅರ್ಶಸ್ಸೂ. ಕುಷ್ಠಶಬ್ದವು ಅನೇಕ ಚರ್ಮರೋಗಗಳನ್ನು ಒಳಗೊಂಡಿರುವುದಾದರೂ, ಅವುಗಳಲ್ಲಿ ಮುಖ್ಯವಾದ ಮಹಾರೋಗಕ್ಕೆ ಕಾರಣವು ಒಂದು ಸೂಕ್ಷ್ಮಜೀವಿಯೆಂದು ೧೮೭೩ರಲ್ಲಿ ನಾರ್ವೆಯ ಹಾನ್ಸೆನ್ ಕಂಡನು. ತಾಯಿತಂದೆಗಳಲ್ಲಿಯೂ ಮಕ್ಕಳಲ್ಲಿಯೂ ಕಂಡ ರೋಗವನ್ನು ಬೀಜದ್ದೆಂದು ಊಹಿಸಿದರು. ಒಂದೇ ಮನೆಯಲ್ಲಿ ಅಂಟಿದ ರೋಗವೂ ಆ ಊಹೆಯೊಳಗೆ ಸೇರಿತು. ಬೀಜದೋಷಕ್ಕೆ ವಂಶವಾಹಿದೋಷವೇ ಅರ್ಥವೆಂದು ಮಧುಮೇಹದಲ್ಲಿ ಹಿಡಿದವರು ಕುಷ್ಠದಲ್ಲಿಯೂ ಹಿಡಿಯಬೇಕು. ಒಂದೇ ಶಬ್ದಕ್ಕೆ ಅನುಕೂಲವಾದಲ್ಲಿ ಒಂದರ್ಥವನ್ನೂ ಪ್ರತಿಕೂಲವಾದಲ್ಲಿ ಮತ್ತೊಂದನ್ನೂ ಹೇಳುವುದು ವ್ಯಾಖ್ಯಾನಮಾರ್ಗವಲ್ಲ.

೫

‘ಅಸಾಧ್ಯ’ವೆಂಬ ಮಾತಿನಲ್ಲಿ ಈ ಸಮೀಕರಣದ ಅಪಾಯವು ಇನ್ನೂ ಹೆಚ್ಚು. ಬೀಜದೋಷವೇ ವಂಶವಾಹಿದೋಷವಾದರೆ, ವಂಶವಾಹಿಯಿಂದ ಬಂದ ಮಧುಮೇಹವೆಲ್ಲ ಅಸಾಧ್ಯವೆಂಬ ತೀರ್ಪಿಗೆ ಶಾಸ್ತ್ರದ ಮುದ್ರೆಯೂ ವಿಜ್ಞಾನದ ಮುದ್ರೆಯೂ ಒಟ್ಟಿಗೆ ಬೀಳುವುವು. ವಸ್ತುಸ್ಥಿತಿಯು ಹಾಗಿಲ್ಲ.

ಬೀಟಾ ಕೋಶದ ವ್ಯಾಪಾರವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ರಕ್ತದ ಸಕ್ಕರೆಯು ಕೋಶದೊಳಕ್ಕೆ ಬಂದೊಡನೆ ಗ್ಲೂಕೋಕೈನೇಸ್ ಎಂಬ ಕಿಣ್ವವು ಅದನ್ನು ಮೊದಲು ಹಿಡಿಯುತ್ತದೆ. ಎಷ್ಟು ಸಕ್ಕರೆಯುಂಟೆಂದು ಅಳೆಯುವ ತಕ್ಕಡಿ ಇದೇ. ಸಕ್ಕರೆಯು ಉರಿದು ಎಟಿಪಿ ಎಂಬ ಶಕ್ತಿದ್ರವ್ಯವು ಹೆಚ್ಚಿದಾಗ ಕೋಶದ ಪೊರೆಯಲ್ಲಿರುವ ಪೊಟಾಸಿಯಂ ದ್ವಾರವು ಮುಚ್ಚುತ್ತದೆ. ಅದರಿಂದ ಪೊರೆಯ ವಿದ್ಯುತ್‌ಸ್ಥಿತಿಯು ಬದಲಾಗಿ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಆಗ ಕೂಡಿಟ್ಟಿದ್ದ ಇನ್ಸುಲಿನ್ ಹೊರಬರುತ್ತದೆ. ಇನ್ಸುಲಿನ್ ೫೧ ಅಮೈನೋ ಆಮ್ಲಗಳ ಎರಡು ಸರಪಣಿ. ಅವುಗಳ ಅನುಕ್ರಮವನ್ನು ೧೯೫೫ರ ಹೊತ್ತಿಗೆ ಸ್ಯಾಂಗರ್ ಪೂರ್ಣವಾಗಿ ಓದಿದನು. ಅದು ಮೊದಲು ಒಂದೇ ಉದ್ದ ಸರಪಣಿಯಾಗಿ ಹುಟ್ಟಿ, ಸರಿಯಾಗಿ ಮಡಿಚಿಕೊಂಡು, ಆಮೇಲೆ ಕತ್ತರಿಸಲ್ಪಡುವುದೆಂದು ೧೯೬೭ರಲ್ಲಿ ಸ್ಟೈನರ್ ತೋರಿಸಿದನು.

ಈ ಯಂತ್ರದಲ್ಲಿ ಮೂರು ಕಡೆ ಬೀಜಗತವಾದ ದೋಷವು ಬರಬಹುದು. ಮೂರಕ್ಕೂ ಗತಿ ಬೇರೆ. ಇನ್ಸುಲಿನ್ನಿನ ವಂಶವಾಹಿಯೇ ಕೆಟ್ಟರೆ ಸರಪಣಿಯು ತಪ್ಪಾಗಿ ಮಡಿಚಿಕೊಂಡು ಕೋಶವನ್ನೇ ಕೊಲ್ಲುವುದುಂಟು. ೨೦೦೭ರಲ್ಲಿ ಗೊತ್ತಾದ ಈ ಬಗೆಯ ಶಿಶುಗಳಿಗೆ ಇನ್ಸುಲಿನ್ ಬೇಕೇ ಬೇಕು. ತಕ್ಕಡಿಯ ವಂಶವಾಹಿಯಲ್ಲಿ ಒಂದು ಪ್ರತಿಯು ಕೆಟ್ಟರೆ, ೧೯೯೨ರಲ್ಲಿ ಕಂಡಂತೆ, ಸಕ್ಕರೆಯ ಮಟ್ಟವು ಹುಟ್ಟಿನಿಂದ ಸ್ವಲ್ಪ ಮೇಲಿರುವುದು. ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ಮೂರನೆಯದು ಪೊಟಾಸಿಯಂ ದ್ವಾರದ ದೋಷ. ಹುಟ್ಟಿದ ಆರು ತಿಂಗಳೊಳಗೆ ಮಧುಮೇಹವು ಕಾಣಿಸಿದ ಕೆಲವು ಶಿಶುಗಳಲ್ಲಿ ಈ ದ್ವಾರವು ಮುಚ್ಚುವುದೇ ಇಲ್ಲವೆಂದು ೨೦೦೪ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ನಗರದ ಹ್ಯಾಟರ್ಸ್ಲಿ, ಗ್ಲೊಯಿನ್ ಮೊದಲಾದವರು ತೋರಿಸಿದರು. ಇನ್ಸುಲಿನ್ ಒಳಗೆ ಉಂಟು, ಹೊರಗೆ ಬಾರದು. ಈ ದ್ವಾರವನ್ನು ಮುಚ್ಚುವ ಸಲ್ಫೊನೈಲ್‌ಯೂರಿಯ ಮಾತ್ರೆಗಳು ಬಹುಕಾಲದಿಂದ ಬಳಕೆಯಲ್ಲಿದ್ದುವು. ಅವನ್ನು ಕೊಟ್ಟಾಗ ೪೯ ಮಂದಿಯಲ್ಲಿ ೪೪ ಮಂದಿ ಇನ್ಸುಲಿನ್ ಸೂಜಿಯನ್ನು ಬಿಟ್ಟರೆಂದು ೨೦೦೬ರಲ್ಲಿ ಪ್ರಕಟವಾಯಿತು. ಹುಟ್ಟಿನಿಂದ ಪ್ರಮೇಹಿಯಾದವರಲ್ಲಿ ಇವರಿಗಿಂತ ಸ್ಪಷ್ಟವಾದ ಉದಾಹರಣೆಯಿಲ್ಲ. ಇವರ ರೋಗವೇ ಮಾತ್ರೆಗೆ ಬಗ್ಗಿತು. ಮತ್ತೊಂದು ವಿಶೇಷವೆಂದರೆ, ಇವರಲ್ಲಿ ಹೆಚ್ಚಿನವರ ತಾಯಿತಂದೆಗಳಲ್ಲಿ ಆ ದೋಷವೇ ಇಲ್ಲ. ಅದು ಹೊಸದಾಗಿ ಹುಟ್ಟಿದುದು. ಬೀಜಗತವಾದುದೆಲ್ಲ ಕುಲಜವಲ್ಲವೆಂದಾಯಿತು. ಸುಶ್ರುತಸಂಹಿತೆಯಾದರೋ ಕೃಶನಾದ ಪ್ರಮೇಹಿಗೂ ಅನ್ನಪಾನಗಳಿಂದ ಪೋಷಿಸುವ ಚಿಕಿತ್ಸೆಯನ್ನು ವಿಧಿಸಿ, ಅವನನ್ನು ಕೈಬಿಟ್ಟಿಲ್ಲವೆಂಬುದನ್ನು ಇಲ್ಲಿ ಸ್ಮರಿಸತಕ್ಕದ್ದು.

೬

ಬೀಜವೊಂದನ್ನೇ ಎತ್ತಿ ಹಿಡಿಯುವುದರಿಂದ ಕಳೆದುಹೋಗುವುದು ಗರ್ಭಿಣಿಯ ಆಹಾರದ ಮಾತು. ತಾಯಿಯ ರಕ್ತದ ಸಕ್ಕರೆಯು ಮಾಸುವಿನ ಮೂಲಕ ಶಿಶುವಿಗೆ ಸೇರುತ್ತದೆ, ಇನ್ಸುಲಿನ್ ಸೇರುವುದಿಲ್ಲ. ಆಗ ಶಿಶುವಿನ ಬೀಟಾ ಕೋಶಗಳೇ ಹೆಚ್ಚು ದುಡಿದು, ಆ ಇನ್ಸುಲಿನ್ನಿನಿಂದ ಶಿಶುವು ಸ್ಥೂಲವಾಗುತ್ತದೆ. ಮೈಸೂರಿನ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಆ ಶಿಶುಗಳು ನಡುವಯಸ್ಸಿನವರಾದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದ ಫಲವು ೧೯೯೮ರಲ್ಲಿ ಹೊರಬಂದಿತು. ಇಂಗ್ಲೆಂಡಿನಲ್ಲಿ ಕಡಮೆ ತೂಕದ ಶಿಶುಗಳಿಗೆ ಮುಂದೆ ಮಧುಮೇಹವು ಹೆಚ್ಚೆಂದು ಕಂಡಿದ್ದರೆ, ಮೈಸೂರಿನಲ್ಲಿ ಗಿಡ್ಡವಾಗಿಯೂ ಉದ್ದಕ್ಕೆ ಮೀರಿದ ತೂಕದಿಂದಲೂ ಹುಟ್ಟಿದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ, ಅದು ಹೆಚ್ಚಾಗಿತ್ತು. ಬೀಜಕ್ಕೆ ಹೊರತಾದ ಗರ್ಭಕಾಲದ ಕಾರಣವೊಂದುಂಟೆಂಬುದು ಇದರಿಂದ ಬಲಪಡುತ್ತದೆ.

ಹೀಗೆಂದು ಚರಕರಿಗೆ ಇದೆಲ್ಲವೂ ಗೊತ್ತಿತ್ತೆಂದು ಹೇಳಹೊರಟರೆ ಹಿಂದಿನ ತಪ್ಪೇ ಮರಳುವುದು. ಅವರ ‘ಮಧುರ’ವು ಒಂದು ರಸ, ಹಾಲು, ತುಪ್ಪ, ಅಕ್ಕಿಗಳೂ ಅದರಲ್ಲಿ ಸೇರುವುವು. ಅದೇ ವಾಕ್ಯದಲ್ಲಿ ಮೂಕತ್ವವೂ ಇದೆ. ಅದಕ್ಕೆ ಇಂದಿನ ಶಾಸ್ತ್ರದ ಸಮರ್ಥನೆಯಿಲ್ಲ. ಕೂಡಿದುದನ್ನು ಆರಿಸಿಕೊಂಡು ಕೂಡದುದನ್ನು ಮರೆತರೆ ಯಾವ ಗ್ರಂಥವನ್ನಾದರೂ ಸರ್ವಜ್ಞಗ್ರಂಥವನ್ನಾಗಿ ಮಾಡಬಹುದು.

೭

ಆದಕಾರಣ ಅನುವಾದಕರು ಬೀಜ, ಬೀಜಭಾಗ, ಬೀಜಭಾಗಾವಯವ ಎಂಬ ಶಬ್ದಗಳನ್ನು ಹಾಗೆಯೇ ಉಳಿಸಿಕೊಂಡು, ಶುಕ್ರಶೋಣಿತವೆಂಬ ಅರ್ಥವನ್ನೂ ಪ್ರಕರಣದ ಪೂರ್ವಪಕ್ಷವನ್ನೂ ಟಿಪ್ಪಣಿಯಲ್ಲಿ ತಿಳಿಸುವುದು ಯುಕ್ತ. ವಂಶವಾಹಿಯ ವಿಚಾರಕ್ಕೆ ವಂಶವಾಹಿಯೆಂಬ ಶಬ್ದವಿದೆ. ಪಾಠ ಹೇಳುವವರು ಸುಶ್ರುತದ ಜೋಡಿಚಿತ್ರವನ್ನು ತೋರಿಸುವಾಗ ನೋಟದ ಸೂಕ್ಷ್ಮತೆಯನ್ನು ಮೆಚ್ಚಿ, ಅಲ್ಲಿಗೇ ನಿಲ್ಲತಕ್ಕದ್ದು. ಅಸಾಧ್ಯವೆಂಬ ಮಾತು ಬಂದಾಗ, ಅದು ಆ ಕಾಲದ ಔಷಧಗಳ ಎಲ್ಲೆಯನ್ನು ಹೇಳುವ ಮಾತೆಂದು ವಿದ್ಯಾರ್ಥಿಗಳಿಗೆ ತಿಳಿಸುವುದು ಅವಶ್ಯ. ಇಂದಿಗೂ ಕುಲದಲ್ಲಿ ಮಧುಮೇಹವುಂಟೆಂದು ಕೇಳಿ ಸಂಬಂಧವನ್ನು ಬಿಡುವ ಮನೆಗಳುಂಟು. ಮಗುವಿನ ರೋಗಕ್ಕೆ ತಾಯಿಯನ್ನು ದೂರುವ ಹಿರಿಯರೂ ಉಂಟು. ಅಂತಹವರ ಕೈಗೆ ಸಂಹಿತೆಯ ಒಂದು ಶಬ್ದವನ್ನು ತಪ್ಪರ್ಥದೊಡನೆ ಕೊಡುವುದು ಪಂಡಿತರಿಗೆ ಉಚಿತವಲ್ಲ.