ಕೃತಕ ಉಗುರಿನ ರಸಗ್ರಹಣ: ಶಿರಾ ಸೀಮೆಯ ನೋಡುಗರಿಗೊಂದು ಕೈಪಿಡಿ

ಫ್ಯಾಷನ್ ಷೋಗಳಿಗೂ ಫೋಟೋ ಶೂಟ್‌ಗಳಿಗೂ ಸಿದ್ಧಪಡಿಸುವ ತಾತ್ಕಾಲಿಕ ಕೃತಕ ಉಗುರು, ಬ್ಯೂಟಿ ಪಾರ್ಲರಿನಲ್ಲಿ ಎರಡು ಮೂರು ವಾರ ಉಳಿಯಲೆಂದು ಕೂಡಿಸುವ ಉಗುರಿನಿಂದ ಉದ್ದೇಶದಲ್ಲಿಯೂ ತಯಾರಿಕೆಯ ಕ್ರಮದಲ್ಲಿಯೂ ಬೇರೆಯಾದದ್ದು. ಪಾರ್ಲರಿನ ಉಗುರು ತೊಟ್ಟವಳ ದಿನಬಳಕೆಗೆ ಒಗ್ಗಬೇಕು, ಪಾತ್ರೆ ತೊಳೆದರೂ ಸ್ಕೂಟರ್ ಓಡಿಸಿದರೂ ಕಳಚಬಾರದು. ಷೋದ ಉಗುರಾದರೋ ಒಂದು ಉಡುಪಿನ ಅಂಗವಾಗಿ ಕೆಲವು ನಿಮಿಷಗಳಿದ್ದು, ಆ ಉಡುಪನ್ನು ಕಳಚಿದೊಡನೆ ತಾನೂ ಬೆರಳಿಗೆ ನೋವಾಗದಂತೆ ಕಳಚಿ ಬರಬೇಕು. ಹೀಗಾಗಿ ಬಾಳಿಕೆ ಎಂಬ ಅಳತೆಗೋಲನ್ನು ಇಲ್ಲಿ ಬದಿಗಿಡಬೇಕಾಗುತ್ತದೆ. ಅದರ ಸ್ಥಾನಕ್ಕೆ ಬರುವುದು ದೂರ. ಆ ಉಗುರನ್ನು ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ, ಮನುಷ್ಯರ ಕಣ್ಣು ನೋಡಲಿದೆಯೋ ಕ್ಯಾಮೆರಾದ ಲೆನ್ಸು ನೋಡಲಿದೆಯೋ ಎಂಬುದನ್ನು ತಯಾರಿಸಿದವರು ಮೊದಲೇ ಅರಿತಿದ್ದರೇ ಎಂಬ ಪ್ರಶ್ನೆಯಿಂದಲೇ ಈ ಕಲೆಯ ರಸಗ್ರಹಣ ಆರಂಭವಾಗುತ್ತದೆ.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನೋಡುಗರಿಗೆ ಈ ಪ್ರಶ್ನೆ ಹೊಸದಲ್ಲ. ಈ ಸೀಮೆಗೆ ಪರಿಚಿತವಾದ ಮೂಡಲಪಾಯ ಯಕ್ಷಗಾನದ ಭುಜಕೀರ್ತಿ, ಎದೆಹಾರ, ಕಿರೀಟಗಳನ್ನು ಹಗುರವಾದ ಮರದಲ್ಲಿ ಮಾಡಿ, ಮೇಲೆ ಬಣ್ಣ ಬಳಿದು ಕನ್ನಡಿ ಚೂರುಗಳನ್ನು ಕೂರಿಸುವ ಪದ್ಧತಿಯಿದೆ. ಕೈಗೆತ್ತಿಕೊಂಡು ನೋಡಿದರೆ ಒರಟೆನಿಸುವ ಅದೇ ಆಭರಣ, ರಾತ್ರಿಯ ದೀಪದ ಬೆಳಕಿನಲ್ಲಿ ಬಯಲಿನ ಆ ತುದಿಗೆ ಚಾಪೆ ಹಾಸಿ ಕುಳಿತವರ ಕಣ್ಣಿಗೆ ಚಿನ್ನವಾಗಿ ಕಾಣುತ್ತದೆ. ಅದನ್ನು ಮಾಡಿದವನು ನೋಡುವವರ ದೂರವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕೆಲಸಕ್ಕೆ ಕುಳಿತಿರುತ್ತಾನೆ. ಉಗುರಿಗೆ ಬಣ್ಣ ಕಟ್ಟುವ ವಿಷಯದಲ್ಲಿಯೂ ಇಲ್ಲಿ ಹಳೆಯ ರೂಢಿಯಿದೆ: ಹಬ್ಬಕ್ಕೆ, ಮದುವೆಗೆ ಗೋರಂಟಿ ಸೊಪ್ಪನ್ನು ಅರೆದು ಬೆರಳ ತುದಿಗೆ ಮೆತ್ತಿಕೊಳ್ಳುವುದು. ಗೋರಂಟಿಯಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯ ಉಗುರನ್ನು ರೂಪಿಸಿರುವ ಕೆರಾಟಿನ್ ಎಂಬ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಳ್ಳುವುದರಿಂದ, ಅಂಗೈಯ ಕೆಂಪು ಬೇಗ ಮಾಸಿದರೂ ಉಗುರಿನ ಕೆಂಪು ಉಗುರು ಬೆಳೆದು ಕತ್ತರಿಸಿಹೋಗುವವರೆಗೆ ನಿಲ್ಲುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆಯಾದ್ದರಿಂದ ಅದು ಪೂರ್ತಿ ಹೊಸದಾಗಲು ಹೆಚ್ಚುಕಡಿಮೆ 6 ತಿಂಗಳು ಬೇಕು. ಷೋದ ಉಗುರಿಗೆ ಅಷ್ಟು ಕಾಲವಿಲ್ಲ, ಅಷ್ಟು ಕಾಲ ಇರಬೇಕೆಂಬ ಹಂಬಲವೂ ಅದಕ್ಕಿಲ್ಲ; ಆದ್ದರಿಂದ ಗೋರಂಟಿಯನ್ನು ಮೆಚ್ಚುವ ಕಣ್ಣಿನಿಂದಲೇ ಅದನ್ನು ತೂಗುವುದು ನ್ಯಾಯವಲ್ಲ.

ಬೇರೆ ನಾಡುಗಳಲ್ಲಿ ಈ ಕಲೆಗೆ ಹಲವು ಪೂರ್ವರೂಪಗಳಿವೆ. ನೆರೆಯ ಕೇರಳದ ಕಥಕಳಿಯಲ್ಲಿ ನಟರು ಎಡಗೈ ಬೆರಳುಗಳಿಗೆ ಉದ್ದನೆಯ ಬೆಳ್ಳಿಯ ಉಗುರುಗಳನ್ನು ತೊಡುತ್ತಾರೆ. ಉತ್ತರ ಥಾಯ್ಲೆಂಡಿನ ಫೊನ್ ಲೆಪ್ ಎಂಬ ನೃತ್ಯದಲ್ಲಿ ಹೆಬ್ಬೆರಳುಗಳನ್ನು ಬಿಟ್ಟು ಉಳಿದ ಬೆರಳುಗಳಿಗೆ ಹಿತ್ತಾಳೆಯ ನೀಳ ಉಗುರುಗಳನ್ನು ಸಿಕ್ಕಿಸಿ, ಕೈಯ ನಿಧಾನವಾದ ತಿರುವುಗಳು ದೂರಕ್ಕೂ ಕಾಣುವಂತೆ ಮಾಡುತ್ತಾರೆ. ಚೀನಾದ ರಾಜಮಾತೆ ತ್ಸಿಶಿ 1903–04ರಲ್ಲಿ ತೆಗೆಸಿಕೊಂಡ ಭಾವಚಿತ್ರಗಳಲ್ಲಿ ಆಕೆಯ ಉಂಗುರ ಬೆರಳು ಮತ್ತು ಕಿರುಬೆರಳಿನ ಮೇಲೆ ಉಗುರಿನ ರಕ್ಷಾಕವಚಗಳು ಎದ್ದು ಕಾಣುತ್ತವೆ. ಕ್ಯಾಮೆರಾದ ಮುಂದೆ ಉಗುರನ್ನು ಅಧಿಕಾರದ ಗುರುತಾಗಿ ಹಿಡಿದು ತೋರಿಸಿದ್ದಕ್ಕೆ ಅವು ಒಳ್ಳೆಯ ನಿದರ್ಶನ. ಇಂದಿನ ಕೃತಕ ಉಗುರಿನ ಕಥೆ ಮಾತ್ರ ದಂತವೈದ್ಯನಿಂದ ಶುರುವಾಗುತ್ತದೆ. ಅಮೆರಿಕದ ಫ್ರೆಡರಿಕ್ ಸ್ಲಾಕ್ 1954ರಲ್ಲಿ ಮುರಿದ ತನ್ನ ಉಗುರನ್ನು ಹಲ್ಲು ಕಟ್ಟುವ ಆಕ್ರಿಲಿಕ್ ಪದಾರ್ಥದಿಂದ ಸರಿಪಡಿಸಿಕೊಂಡನೆಂದೂ ಆಕ್ರಿಲಿಕ್ ಉಗುರು ಅಲ್ಲಿಂದ ಬಂದಿತೆಂದೂ ಈ ಕಸುಬಿನ ಇತಿಹಾಸದಲ್ಲಿ ಹೇಳಲಾಗುತ್ತದೆ.

ಷೋಗಾಗಿ ಬಳಸುವ ಉಗುರಿಗೆ ಆಧಾರವಾಗಿರುವುದು ಟಿಪ್ ಎಂದು ಕರೆಯಲಾಗುವ, ತೆಳುವಾದ ಪ್ಲಾಸ್ಟಿಕ್ಕಿನ ಅಚ್ಚು ಉಗುರು. ಇವು ಸಾಮಾನ್ಯವಾಗಿ 0ಯಿಂದ 9ರವರೆಗಿನ ಹತ್ತು ಅಳತೆಗಳಲ್ಲಿ ದೊರೆಯುತ್ತವೆ. ಸೊನ್ನೆ ಅತಿ ಅಗಲ, ಒಂಬತ್ತು ಅತಿ ಕಿರಿದು. ತಯಾರಿಸುವವರ ಮೊದಲ ಪರೀಕ್ಷೆ ಅಳತೆಯಲ್ಲಿಯೇ ಆಗಿಬಿಡುತ್ತದೆ: ಟಿಪ್ಪಿನ ಅಂಚುಗಳು ಬೆರಳಿನ ಎರಡೂ ಬದಿಯ ಚರ್ಮದ ಮಡಿಕೆಗೆ ಸರಿಯಾಗಿ ಮುಟ್ಟಬೇಕು, ಕಿರಿದಾದರೆ ಬದಿಯಲ್ಲಿ ಸ್ವಂತ ಉಗುರು ಇಣುಕುತ್ತದೆ, ಅಗಲವಾದರೆ ಚರ್ಮದ ಮೇಲೇರಿ ಎದ್ದು ಬರುತ್ತದೆ. ಎರಡು ಅಳತೆಗಳ ನಡುವಿನ ಬೆರಳಿಗೆ ದೊಡ್ಡದನ್ನು ಆರಿಸಿ ಬದಿಗಳನ್ನು ಅರದಿಂದ ಉಜ್ಜಿ ಇಳಿಸುವುದು ಬಲ್ಲವರ ಕ್ರಮ. ಅನಂತರ ಬುಡದ ಅಂಚನ್ನು ಕ್ಯೂಟಿಕಲ್ ಎಂಬ, ಉಗುರು ಚರ್ಮದಿಂದ ಹೊರಬರುವಲ್ಲಿ ಇರುವ ತೆಳುವಾದ ತೊಗಲಂಚಿನ ಬಾಗಿಗೆ ಹೊಂದುವಂತೆ ತಿದ್ದುತ್ತಾರೆ, ಆ ಅಂಚನ್ನು ಒಳಗಿನಿಂದ ಕಾಗದದಷ್ಟು ತೆಳ್ಳಗಾಗುವವರೆಗೆ ಸವೆಸುತ್ತಾರೆ, ತುದಿಯನ್ನು ಚೌಕ, ಅಂಡಾಕಾರ, ಬಾದಾಮಿ, ಈಟಿ ಮುಂತಾದ ಆಕಾರಗಳಿಗೆ ತರುತ್ತಾರೆ. ಬಣ್ಣದ ಜೆಲ್ಲನ್ನು ದಪ್ಪನಾಗಿ ಒಂದೇ ಸಲ ಬಳಿಯದೆ ತೆಳುವಾಗಿ ಎರಡು ಮೂರು ಸಲ ಬಳಿದು, ಪ್ರತಿ ಸಲವೂ ನೇರಳಾತೀತ ಕಿರಣದ ದೀಪದ ಕೆಳಗೆ ಗಟ್ಟಿಯಾಗಿಸುವುದು ಇದರ ಮುಂದಿನ ಹಂತ. ಇಷ್ಟೆಲ್ಲವೂ ಬೆರಳಿನಿಂದ ದೂರದಲ್ಲಿ, ಪುಟ್ಟ ಕಡ್ಡಿಗಳ ಮೇಲೆ ಅಂಟಿಸಿಟ್ಟ ಉಗುರಿನ ಮೇಲೆ ನಡೆಯುತ್ತದೆಯೆಂಬುದನ್ನು ನೋಡುಗರು ಮರೆಯಬಾರದು, ಏಕೆಂದರೆ ಕೈ ಎದುರಿಗಿಲ್ಲದಿರುವಾಗಲೂ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡುವುದರಲ್ಲಿಯೇ ಈ ಕುಶಲತೆಯ ಹೆಚ್ಚಿನ ಪಾಲು ಅಡಗಿದೆ. ಷೋದ ದಿನ ರೂಪದರ್ಶಿಯ ಉಗುರಿನ ಮೇಲಿನ ಎಣ್ಣೆಯ ಅಂಶವನ್ನು ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ತೆಗೆದು, ಎರಡೂ ಬದಿ ಅಂಟಿರುವ ಪಾರದರ್ಶಕ ಪಟ್ಟಿಯನ್ನಿಟ್ಟು, ಟಿಪ್ಪನ್ನು ಬುಡದ ಕಡೆಯಿಂದ ಓರೆಯಾಗಿ ತಾಗಿಸಿ ತುದಿಯತ್ತ ಒತ್ತುತ್ತಾರೆ; ಹೀಗೆ ಮಾಡಿದಾಗ ನಡುವಿನ ಗಾಳಿ ಹೊರಹೋಗುತ್ತದೆ. ಬಿಗಿಯಾದ ಅಂಟಿಗಿಂತ ಪಟ್ಟಿಯನ್ನೇ ಆರಿಸಿಕೊಳ್ಳುವುದಕ್ಕೆ ಕಾರಣ, ಒಬ್ಬಳೇ ರೂಪದರ್ಶಿ ಅದೇ ಸಂಜೆ ಮತ್ತೊಂದು ಉಡುಪಿಗೆ ಮತ್ತೊಂದು ಉಗುರನ್ನು ತೊಡಬೇಕಾಗಿರುವುದು.

ಸಿದ್ಧವಾದ ಉಗುರಿನ ಗುಣವನ್ನು ತಿಳಿಯಲು ಹೊಸಬರಿಗೆ ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಬೆಳಕಿನ ಗೆರೆ. ಹೊಳಪಿನ ಲೇಪವಿರುವ ಉಗುರನ್ನು ಟ್ಯೂಬ್‌ಲೈಟಿನ ಕೆಳಗೆ ಅದಕ್ಕೆ ಸಮಾನಾಂತರವಾಗಿ ಹಿಡಿದರೆ, ಬುಡದಿಂದ ತುದಿಯವರೆಗೆ ಬಿಳಿಯ ಸಣ್ಣ ಗೆರೆಯೊಂದು ಮೂಡುತ್ತದೆ. ಅದು ಆ ದೀಪದ ಪ್ರತಿಬಿಂಬವೇ. ಮೇಲ್ಮೈ ಸಮವಾಗಿದ್ದಲ್ಲಿ ಗೆರೆ ಎಲ್ಲಿಯೂ ಮುರಿಯದೆ ನೇರವಾಗಿ ಹರಿಯುತ್ತದೆ, ಕಣ್ಣಿಗೆ ಬೀಳದಷ್ಟು ಚಿಕ್ಕ ತಗ್ಗಿದ್ದರೂ ಅಲ್ಲಿ ಡೊಂಕಾಗುತ್ತದೆ, ಜೆಲ್ ಒಂದು ಬದಿಗೆ ಹರಿದು ನಿಂತಿದ್ದರೆ ಆ ಬದಿಗೆ ಹೊಟ್ಟೆಯುಬ್ಬಿಸುತ್ತದೆ, ಬುಡದ ಅಂಚನ್ನು ಸಾಕಷ್ಟು ಸವೆಸದಿದ್ದರೆ ಚರ್ಮವನ್ನು ತಲುಪುವ ಮೊದಲೇ ಥಟ್ಟನೆ ನಿಂತುಬಿಡುತ್ತದೆ. ಕೈಯನ್ನು ನಿಧಾನವಾಗಿ ಹೊರಳಿಸುತ್ತ ಹೋದಾಗ ಗೆರೆ ಉಗುರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ತಡವರಿಸದೆ ಜಾರಬೇಕು, ನಾಲ್ಕು ಬೆರಳುಗಳ ಗೆರೆಗಳೂ ಒಟ್ಟಿಗೆ ಜಾರಬೇಕು. ಒಂದೇ ಒಂದು ಬೆರಳಿನದು ಹಿಂದೆ ಬಿದ್ದರೆ ಆ ಟಿಪ್ಪು ಓರೆಯಾಗಿ ಕೂತಿದೆಯೆಂದೇ ಅರ್ಥ. ಮಂಕು ಲೇಪದ ಉಗುರಿನಲ್ಲಿ ಈ ಗೆರೆ ಮೂಡುವುದಿಲ್ಲವಾದ್ದರಿಂದ ಅದನ್ನು ಪಕ್ಕದಿಂದ ನೋಡಬೇಕು: ಬುಡದಲ್ಲಿ ತೆಳುವಾಗಿ ಹೊರಟು, ನಡುವೆ ತುಸು ಎದ್ದು, ತುದಿಗೆ ಮತ್ತೆ ತೆಳುವಾಗುವ ಬಾಗು ಹತ್ತೂ ಬೆರಳಿನಲ್ಲಿ ಒಂದೇ ಆಗಿದೆಯೇ ಎಂಬುದು ಅಲ್ಲಿನ ಪರೀಕ್ಷೆ. ಹೆಬ್ಬೆರಳನ್ನು ಬೇರೆಯಾಗಿ ಗಮನಿಸುವುದು ಒಳಿತು. ಅದು ಉಳಿದ ಬೆರಳುಗಳಿಗೆ ಅಡ್ಡಲಾಗಿ ತಿರುಗಿ ನಿಲ್ಲುವುದರಿಂದ, ಅವು ಎದುರು ಮುಖ ತೋರಿಸುವಾಗ ಅದು ಪಕ್ಕದ ಮುಖ ತೋರಿಸುತ್ತದೆ. ಅವಸರದ ಕೆಲಸದ ದೋಷ ಮೊದಲು ಸಿಕ್ಕಿಬೀಳುವುದು ಅಲ್ಲಿಯೇ.

ಇನ್ನು ದೂರದ ಲೆಕ್ಕ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ 60ನೆಯ ಒಂದು ಭಾಗದಷ್ಟು ಕೋನದ ಅಂತರವನ್ನು ಬೇರ್ಪಡಿಸಿ ಕಾಣಬಲ್ಲುದು; ಎಂದರೆ 3 ಮೀಟರ್ ದೂರದಲ್ಲಿ ಸುಮಾರು 1 ಮಿಲಿಮೀಟರಿಗಿಂತ ಚಿಕ್ಕ ವಿವರ, 10 ಮೀಟರ್ ದೂರದಲ್ಲಿ ಸುಮಾರು 3 ಮಿಲಿಮೀಟರಿಗಿಂತ ಚಿಕ್ಕ ವಿವರ ಕಣ್ಣಿಗೆ ದಕ್ಕುವುದಿಲ್ಲ. ಉಗುರಿನ ಅಗಲವೇ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿರುವುದರಿಂದ, ರ‍್ಯಾಂಪಿನ ಮೇಲೆ ನಡೆದುಹೋಗುವವಳ ಉಗುರಿನಲ್ಲಿ ಬಿಡಿಸಿದ ಹೂಬಳ್ಳಿಯನ್ನು ಮೊದಲ ಸಾಲಿನವರೂ ಸರಿಯಾಗಿ ಕಾಣಲಾರರು, ಹಿಂದಿನ ಸಾಲಿನವರಿಗೆ ಅದು ಬರಿಯ ಬಣ್ಣದ ಬೊಟ್ಟು. ಆದ್ದರಿಂದ ರ‍್ಯಾಂಪಿನ ಉಗುರು ಉದ್ದ, ಆಕಾರ, ಬಣ್ಣದ ಏರಿಳಿತ, ಲೋಹದಂತಹ ಮಿಂಚು ಇವುಗಳಿಂದ ಮಾತನಾಡಬೇಕು. ಮೂಡಲಪಾಯದ ಕನ್ನಡಿ ಚೂರು ಮಾಡುವ ಕೆಲಸವನ್ನೇ ಇಲ್ಲಿ ಆ ಮಿಂಚನ್ನು ಕೊಡುವ ಕ್ರೋಮ್ ಪುಡಿ ಮಾಡುತ್ತದೆ. ಫೋಟೋದ ಉಗುರಿನ ಧರ್ಮ ಇದಕ್ಕೆ ವಿರುದ್ಧವಾದದ್ದು. ಒಡವೆಯ ಜಾಹೀರಾತಿನಲ್ಲಿ ಬೆರಳಿನ ಚಿತ್ರ ಬೆರಳಿಗಿಂತ ಹತ್ತಾರು ಪಟ್ಟು ದೊಡ್ಡದಾಗಿ ಅಚ್ಚಾಗುವುದರಿಂದ, ಕೂದಲೆಳೆಯಷ್ಟು ಬಿರುಕೂ ಅಲ್ಲಿ ಗೋಡೆಯ ಬಿರುಕಾಗುತ್ತದೆ, ಅತಿಯಾದ ಹೊಳಪು ಸ್ಟುಡಿಯೋದ ದೀಪವನ್ನು ಹಿಂದಕ್ಕೆಸೆದು ಉಂಗುರದ ಹರಳನ್ನೇ ಮಂಕಾಗಿಸುತ್ತದೆ. ರ‍್ಯಾಂಪಿನಲ್ಲಿ ಮೆಚ್ಚುಗೆ ಪಡೆದ ಉಗುರನ್ನೇ ಹತ್ತಿರದ ಚಿತ್ರಕ್ಕೂ ಬಳಸಿದ್ದನ್ನು ಕಂಡಲ್ಲಿ, ಅದು ಸೋಮಾರಿತನವೆಂದು ತೀರ್ಮಾನಿಸಲು ನೋಡುಗರು ಹಿಂಜರಿಯಬೇಕಾಗಿಲ್ಲ.

ಬಣ್ಣದ ವಿಷಯದಲ್ಲಿ ಈ ಸೀಮೆಯ ನೋಡುಗರು ಸ್ವಲ್ಪ ಪಟ್ಟು ಹಿಡಿಯುವುದೇ ಸರಿ. ಮೈಬಣ್ಣದ್ದೆಂಬ ಹೆಸರಿನಲ್ಲಿ ಮಾರಾಟವಾಗುವ ತೆಳುಗುಲಾಬಿಯ ಸಿದ್ಧ ಉಗುರುಗಳು ಬಿಳಿಯ ಚರ್ಮವನ್ನು ಗಮನದಲ್ಲಿಟ್ಟು ಮಾಡಿದವು. ಗೋಧಿಬಣ್ಣದ ಅಥವಾ ಎಣ್ಣೆಗಪ್ಪಿನ ಕೈಯ ಮೇಲೆ ಅವು ಸುಣ್ಣದ ಬೊಟ್ಟುಗಳಂತೆ ಬೇರೆಯಾಗಿ ನಿಲ್ಲುತ್ತವೆ. ಅಂತಹ ಕೈಗೆ ಬೆಲ್ಲದ ಕಂದು, ಇಟ್ಟಿಗೆಯ ಕೆಂಪು, ಹುಣಸೆಹಣ್ಣಿನ ಕಡುಗಂದು ಬಣ್ಣಗಳು ಎಷ್ಟು ಚೆನ್ನಾಗಿ ಒಪ್ಪುತ್ತವೆಯೆಂಬುದನ್ನು ಬಲ್ಲವರು ಬೆರೆಸಿಯೇ ತೋರಿಸುತ್ತಾರೆ. ಮಧುಗಿರಿಯ ಏಕಶಿಲಾ ಬೆಟ್ಟದ ಬೂದು ಕಲ್ಲಿನ ಮುಂದೆ ಮದುಮಗಳ ಚಿತ್ರ ತೆಗೆಯುವುದಾದರೆ ಬೂದಿಯತ್ತ ವಾಲುವ ಬಣ್ಣಗಳು ಕಲ್ಲಿನಲ್ಲಿ ಕರಗಿಹೋಗುತ್ತವೆ, ಇಟ್ಟಿಗೆಯ ಕೆಂಪು ಎದ್ದು ನಿಲ್ಲುತ್ತದೆ. ಅಳತೆಗೂ ಇದೇ ಮಾತು ಸಲ್ಲುತ್ತದೆ. ಕಡಲೆಕಾಯಿ ಸುಲಿದು, ಹುಣಸೆ ಬಿಡಿಸಿ ಬೆಳೆದ ಕೈಯ ಉಗುರು ಅಗಲವಾಗಿ, ಮೋಟಾಗಿ ಇರುವುದು ಸಹಜ. ಅದನ್ನು ತೆಳುಬೆರಳಿನ ಕೈಯಂತೆ ತೋರಿಸಲು ಕಿರಿದಾದ ಈಟಿಯುಗುರು ಅಂಟಿಸಿದಾಗ ಬದಿಯ ಅಂತರ ಎದ್ದು ಕಂಡು ಕೈಯೂ ಕೆಡುತ್ತದೆ, ಉಗುರೂ ಕೆಡುತ್ತದೆ. ಅಗಲವಾದ ಟಿಪ್ಪನ್ನೇ ಆರಿಸಿ, ಬದಿಗಳನ್ನು ತುದಿಯತ್ತ ಮೆಲ್ಲನೆ ಒಳಸರಿಸಿ ಬಾದಾಮಿಯಾಕಾರಕ್ಕೆ ತಂದ ಉಗುರು ಆ ಕೈಯ ಬಲವನ್ನು ಮುಚ್ಚದೆ ಅದಕ್ಕೊಂದು ನೀಳತೆಯನ್ನು ಕೊಡುತ್ತದೆ, ಮತ್ತು ಉತ್ತಮ ಕೆಲಸವೆಂದು ಕರೆಯಬೇಕಾದದ್ದು ಇದನ್ನೇ.

ತೊಡುವವರ ಕ್ಷೇಮವೂ ರಸಗ್ರಹಣದ ಹೊರಗಿನದಲ್ಲ. ಗಾಯವಾದ ಅಥವಾ ಸೋಂಕು ತಗಲಿದ ಉಗುರಿನ ಮೇಲೆ ಟಿಪ್ ಕೂರಿಸಬಾರದು. ನಡುವೆ ತೇವ ಸಿಕ್ಕಿಕೊಂಡರೆ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರುಗಟ್ಟುವುದುಂಟು. ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಿದರೆ ಕೆಲವರಿಗೆ ಅಲರ್ಜಿ ಹುಟ್ಟುತ್ತದೆ. ಕಳಚುವಾಗ ಬೆಚ್ಚನೆಯ ನೀರಿನಲ್ಲಿ ನೆನೆಸಿ, ಎಣ್ಣೆ ಸವರಿ, ಬದಿಯಿಂದ ಬಿಡಿಸಬೇಕೇ ಹೊರತು ಕಿತ್ತೆಳೆಯಬಾರದು.

ಉಡುಪಿನ ವಿನ್ಯಾಸಕಾರ, ಛಾಯಾಗ್ರಾಹಕ, ಮೇಕಪ್ ಮಾಡಿದವರು ಇವರೆಲ್ಲರ ಹೆಸರು ಚಿತ್ರದ ಕೆಳಗೆ ಬರುತ್ತದೆ. ಉಗುರು ಸಿದ್ಧಪಡಿಸಿದವರ ಹೆಸರು ಬಿಟ್ಟುಹೋಗುವುದೇ ಹೆಚ್ಚು. ಅಮೆರಿಕದ ಬರ್ನಡೆಟ್ ಥಾಂಪ್ಸನ್ ಗಾಯಕಿ ಲಿಲ್ ಕಿಮ್‌ಗಾಗಿ ಡಾಲರ್ ನೋಟುಗಳ ಚೂರುಗಳನ್ನು ಸೇರಿಸಿ ಮಾಡಿದ ಉಗುರುಗಳು 2017ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಫ್ಯಾಷನ್ ಪ್ರದರ್ಶನದಲ್ಲಿ ಸ್ಥಾನ ಪಡೆದವು; ಅವನ್ನು ಮಾಡಿದವಳ ಹೆಸರೂ ಆ ಕೆಲಸದೊಡನೆ ಉಳಿದುಬಂದಿದೆ. ಶಿರಾದಲ್ಲಾಗಲಿ ತುಮಕೂರಿನಲ್ಲಾಗಲಿ ಮದುವೆಯ ಆಲ್ಬಮ್, ಒಡವೆಯಂಗಡಿಯ ಜಾಹೀರಾತು, ಕಾಲೇಜಿನ ಫ್ಯಾಷನ್ ಷೋ ಇವುಗಳ ಚಿತ್ರಗಳನ್ನು ಪ್ರಕಟಿಸುವವರು ಉಗುರಿನ ಕೆಲಸ ಮಾಡಿದವರ ಹೆಸರನ್ನೂ ಅದೇ ಅಕ್ಷರದ ಗಾತ್ರದಲ್ಲಿ ಅಚ್ಚು ಹಾಕಿಸಬೇಕು, ಹಾಕಿಸದಿದ್ದಲ್ಲಿ ನೋಡಿದವರು ಕೇಳಿ ತಿಳಿದುಕೊಳ್ಳಬೇಕು.