ಗಾಳಿಯಲ್ಲಿ ಕಬ್ಬಿಣ ಕೊಯ್ಯುವ ಪೆಟ್ಟಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಿಗರಿಗೆ ಕಬ್ಬಿಣದ ಕೆಲಸ ಮುಗಿಯುವುದೇ ಇಲ್ಲ. ಕೈಗಾಡಿಯ ಚೌಕಟ್ಟು, ಅಡಿಕೆ ಬೇಯಿಸುವ ಒಲೆಯ ಬಾಗಿಲು, ತೋಟದ ಗೇಟು. ಗ್ರೈಂಡರ್ ನೇರ ಗೆರೆ ಕೊಯ್ಯುತ್ತದೆ, ವೃತ್ತ ಕೇಳಿದರೆ ತಕರಾರು. ಗ್ಯಾಸ್ ಕಟರಿಗೆ ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ ಬಗ್ಗುವುದಿಲ್ಲ. ಪ್ಲಾಸ್ಮಾ ಕಟರಿಗೆ ಲೋಹದಲ್ಲಿ ಕರೆಂಟು ಹರಿದರೆ ಸಾಕು.

ಅದರ ಸೊಗಸೆಲ್ಲ ಟಾರ್ಚಿನ ತುದಿಯಲ್ಲಿದೆ. ತಾಮ್ರದ ಎಲೆಕ್ಟ್ರೋಡಿನ ನಡುವೆ ಹಾಫ್ನಿಯಂನ ಪುಟ್ಟ ಚುಕ್ಕೆ. ಸುಳಿಯುತ್ತ ಬರುವ ಗಾಳಿ, ವಿದ್ಯುತ್ ಆರ್ಕಿನ ಜೊತೆ ಸಣ್ಣ ರಂಧ್ರದಲ್ಲಿ ಇಕ್ಕಟ್ಟಾಗಿ ಹತ್ತು ಸಾವಿರ ಡಿಗ್ರಿ ಮೀರಿದ ಧಾರೆಯಾಗುತ್ತದೆ. ಲೋಹವನ್ನು ಕರಗಿಸಿ, ಅದೇ ಉಸಿರಿನಲ್ಲಿ ಊದಿ ತೆಗೆಯುತ್ತದೆ. ನಾವು ಉಸಿರಾಡುವ ಗಾಳಿಯೇ ಅಲ್ಲಿ ಗರಗಸ!

ಮನೆಬಳಕೆಗೆ 40 ಆಂಪಿಯರಿನ ಇನ್ವರ್ಟರ್ ಕಟರ್ ಧಾರಾಳ. 8–10 ಮಿ.ಮೀ. ತಗಡು ನೀಟಾಗಿ ತುಂಡಾಗುತ್ತದೆ. ಡಬ್ಬಿಯ ಮೇಲಿನ ದೊಡ್ಡ ಅಂಕಿ ಸಾಮಾನ್ಯವಾಗಿ ಹೇಗೋ ಹರಿದುಹಾಕಬಹುದಾದ ದಪ್ಪ. ಅದನ್ನು ನಂಬಿ ಕೊಳ್ಳಬಾರದು. ಲೋಹಕ್ಕೆ ತಾಗಿಸದೆಯೇ ಹೊತ್ತುವ ಪೈಲಟ್ ಆರ್ಕ್ ಇರುವುದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ, ತುಕ್ಕು ಹಿಡಿದ ಹಳೆ ತಗಡಿನ ಮೇಲೂ ಅದು ಸಲೀಸಾಗಿ ಹೊತ್ತುತ್ತದೆ. ಸಿಂಗಲ್ ಫೇಸಿನಲ್ಲಿ ವೋಲ್ಟೇಜು ಕುಸಿಯುವ ಊರಾದರೆ, ಎಷ್ಟು ಕಡಿಮೆ ವೋಲ್ಟೇಜಿಗೆ ಯಂತ್ರ ತಡೆಯುತ್ತದೆಂದು ಅಂಗಡಿಯಲ್ಲೇ ಕೇಳಬೇಕು. ಗಾಳಿ ಒದಗಿಸುವ ಕಂಪ್ರೆಸರ್ ಸಣ್ಣದಾದರೆ ಅರ್ಧಕ್ಕೇ ಏದುಸಿರು ಬಿಡುತ್ತದೆ.

ಇಲ್ಲಿನ ನಿಜವಾದ ಶತ್ರು ಮಳೆಗಾಲದ ತೇವ. ಗಾಳಿಯಲ್ಲಿ ನೀರಿದ್ದರೆ ನಾಜಲ್, ಎಲೆಕ್ಟ್ರೋಡ್ ಬೇಗ ಸವೆಯುತ್ತವೆ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿ, ಕಂಪ್ರೆಸರ್ ಟ್ಯಾಂಕಿನ ನೀರನ್ನು ಆಗಾಗ ಬಿಡಬೇಕು. ಅಡಿಕೆ ಸಿಪ್ಪೆಯ ರಾಶಿ, ಒಣ ಸೋಗೆ ಇರುವ ಕಡೆ ಮಾತ್ರ ಟಾರ್ಚ್ ಹಿಡಿಯುವುದು ಬೇಡ. ಕಿಡಿ ಬಹಳ ದೂರ ಹಾರುತ್ತದೆ.